ಅಗ್ಗದ ಚೇಂಬರ್‌ನ ಪೂರ್ತಿ ಬಿಲ್ಲು

ಎಲ್ಲೂರಿನಿಂದ ಮುದರಂಗಡಿ ಕಡೆ ಹೋಗುವಾಗ ನನ್ನ ಹಳೆಯ ಆಕ್ಟೇವಿಯಾ ಆರ್‌ಎಸ್‌ನ ಹೊಟ್ಟೆ ಒಂದು ಹಂಪ್‌ಗೆ ತಾಗಿ ಆಯಿಲ್ ಚೇಂಬರ್ ಸೀಳಿತು. ಇಂಡಿಯನ್ ರೋಡ್ ಕಾಂಗ್ರೆಸ್ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಊರೊಳಗೆ ಎತ್ತರ ಮಾತ್ರ ಧಾರಾಳ. ಕೆಂಪು ದೀಪ ಹತ್ತಿದ್ದೇ ಎಂಜಿನ್ ಆರಿಸಿದೆ. ಆಯಿಲ್ ಸೋರುತ್ತಿರುವಾಗಲೂ ಓಡಿಸಿ ಎಂಜಿನ್ ಕಚ್ಚಿಕೊಂಡರೆ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಇಲ್ಲದ ಪಾಲಿಸಿಯಿಂದ ಆ ನಷ್ಟ ಸಿಗುವುದಿಲ್ಲ.

ಚೇಂಬರ್‌ಗಾದರೂ ಕ್ಲೇಮ್ ಮಾಡಬಹುದಿತ್ತಲ್ಲ? ಲೆಕ್ಕ ಹಾಕಿದೆ. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೆ ಸವಕಳಿ ಶೇ. 50. 19,000 ರೂಪಾಯಿಯ ಅಸಲಿ ಚೇಂಬರ್‌ಗೆ 9,500 ಉಳಿಯಿತು. 1500 ಸಿಸಿಗಿಂತ ದೊಡ್ಡ ಎಂಜಿನ್ ಆದ್ದರಿಂದ ಕಡ್ಡಾಯ ಕಡಿತ 2,000. ಕೈಗೆ ಬರುವುದು 7,500, ಮತ್ತೆ ವರ್ಷಗಟ್ಟಲೆ ಕೂಡಿಸಿದ ಶೇ. 50ರ ನೋ ಕ್ಲೇಮ್ ಬೋನಸ್ ಸೊನ್ನೆ. ಕ್ಲೇಮ್ ಬಿಟ್ಟೆ.

ಈ ಕಾರು 2004ರಲ್ಲಿ ಭಾರತಕ್ಕೆ ಬಂದಾಗ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ; ಆಗಿನ ಕಾಲಕ್ಕೆ ಅಬ್ಬರವೇ. ಅಸಲಿ ಚೇಂಬರ್ ಅಲ್ಯೂಮಿನಿಯಂ ಎರಕ, ಕಲ್ಲು ತಾಗಿದರೆ ನೆಗ್ಗುವುದಿಲ್ಲ, ಬಿರಿಯುತ್ತದೆ. ಆನ್‌ಲೈನ್‌ನಲ್ಲಿ 6,800ಕ್ಕೆ ಸಿಕ್ಕಿದ್ದು ಮೇಲೆ ಅಲ್ಯೂಮಿನಿಯಂ, ತಳ ಉಕ್ಕು, ಒಳಗೆ ತಿರುವಿನಲ್ಲಿ ಆಯಿಲ್ ಒಂದೇ ಬದಿಗೆ ಸರಿಯದಂತೆ ತಡೆಗೋಡೆ. ಹಾಳೆಯ ಮೇಲೆ ಅಸಲಿಗಿಂತ ಒಳ್ಳೆಯದು, ಉಳಿತಾಯ 12,200.

ಬಂತು. ಉಡುಪಿಯ ಮೆಕ್ಯಾನಿಕ್ ಎತ್ತಿ ಹಿಡಿದು ನೋಡಿ, "ಇದು ಕೂರುದಿಲ್ಲ ಮಾರಾಯ್ರೆ" ಎಂದ. ತೂತುಗಳು ಕೂದಲೆಳೆಯಷ್ಟು ಆಚೀಚೆ. ಮೊದಲ ನಾಲ್ಕು ಬೋಲ್ಟು ಹಿಡಿದರೆ ಕೊನೆಯದು ಹಿಡಿಯುವುದಿಲ್ಲ. ಈ ಎಂಜಿನ್‌ಗೆ ಪ್ಯಾಕಿಂಗ್ ಇಲ್ಲ, ಸಿಲಿಕೋನ್ ಪೇಸ್ಟ್ ಮಾತ್ರ, ಹಾಗಾಗಿ ಅಂಚು ಕನ್ನಡಿಯಷ್ಟು ಸಮ ಇರಬೇಕು. ಇದರದ್ದು ಒಂದು ಮೂಲೆ ಸೊಟ್ಟ. ತೂತು ಸ್ವಲ್ಪ ದೊಡ್ಡದು ಮಾಡಿ ಕೂರಿಸಿದ, ಸಿಲಿಕೋನ್ ಒಣಗಿದ ಮೇಲೆ ಆಯಿಲ್ ತುಂಬಿದ, ಮರುದಿನ ಕಾರಿನಡಿ ಹನಿ. ಮತ್ತೆ ಬಿಚ್ಚಿ, ಎಂಜಿನಿಯರಿಂಗ್ ವರ್ಕ್‌ಶಾಪಿನಲ್ಲಿ ಅಂಚು ಮಿಲ್ಲಿಂಗ್ ಮಾಡಿಸಿ, ಹೊಸ ಪೇಸ್ಟ್, ಹೊಸ ಆಯಿಲ್.

ಸೋರಿಕೆ ಕಣ್ಣಿಗೆ ಕಾಣುತ್ತದೆ, ಆ ಮಟ್ಟಿಗೆ ಒಳ್ಳೆಯದು. ಅಪಾಯ ಇರುವುದು ಒಳಗೆ. ಪಂಪಿಗೆ ಆಯಿಲ್ ಎಳೆಯುವ ಪೈಪಿನ ಬಾಯಿಗೂ ಚೇಂಬರ್ ತಳಕ್ಕೂ ಸುಮಾರು ಕಾಲಿಂಚು ಅಂತರ ಬೇಕು. ತಾಗಿದರೆ ಆಯಿಲ್ ಏರುವುದಿಲ್ಲ, ಟರ್ಬೊ ಮತ್ತು ಬೇರಿಂಗ್ ಹೋಗುತ್ತವೆ, ಸೂಚನೆಯೂ ತಡವಾಗಿಯೇ. ನಮ್ಮ ಮೆಕ್ಯಾನಿಕ್ ತಳಕ್ಕೆ ಜೇಡಿಮಣ್ಣಿನ ಉಂಡೆ ಇಟ್ಟು, ಒಣ ಚೇಂಬರ್ ಒಮ್ಮೆ ಬಿಗಿದು, ಬಿಚ್ಚಿ, ಚಪ್ಪಟೆಯಾದ ಉಂಡೆಯನ್ನು ಅಳೆದ. ಅದಕ್ಕೆ ಅವನು ಬೇರೆ ದುಡ್ಡು ಕೇಳಲಿಲ್ಲ, ಕೇಳಿದ್ದರೂ ಕೊಡುತ್ತಿದ್ದೆ. ಹೆಚ್ಚು ಆಯಿಲ್ ಹಿಡಿಯುತ್ತದೆ ಎಂದು ಒಂದಿಂಚು ಆಳದ ರೇಸ್ ಚೇಂಬರ್ ಮಾರುವವರೂ ಇದ್ದಾರೆ. ಟ್ರ್ಯಾಕಿನಲ್ಲಿ ಹಂಪ್ ಇಲ್ಲ, ಇಲ್ಲಿ ಇದೆ.

ಈಗ ಬಿಲ್ಲು. ಒಂದು ಸಲ ಬಿಚ್ಚಿ ಹಾಕುವ ಕೂಲಿ 3,500, ಸಿಂಥೆಟಿಕ್ ಆಯಿಲ್ 3,600, ಸಿಲಿಕೋನ್ 650: ಒಟ್ಟು 7,750. ಎರಡು ಸಲಕ್ಕೆ 15,500. ಮಿಲ್ಲಿಂಗ್ 1,500, ಚೇಂಬರ್ 6,800. ಮೊತ್ತ 23,800. ಅಸಲಿ ತಂದು ಒಂದೇ ಸಲ ಹಾಕಿದ್ದರೆ 26,750. ಹನ್ನೆರಡು ಸಾವಿರ ಉಳಿಯಬೇಕಿದ್ದಲ್ಲಿ ಉಳಿದದ್ದು 2,950, ಅದರಲ್ಲೂ ಕಾರು ಗ್ಯಾರೇಜಿನಲ್ಲಿದ್ದಾಗಿನ ರಿಕ್ಷಾ ಬಾಡಿಗೆ ಕಳೆಯಬೇಕು. ಅಂದ ಹಾಗೆ 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 18. ಹಳೆಯ ಶೇ. 28 ಆಗಿದ್ದರೆ ಆ 19,000 ಸುಮಾರು 20,600 ಆಗುತ್ತಿತ್ತು. ಹಳೆಯ ದರಪಟ್ಟಿ ತೋರಿಸಿದರೆ ಹೊಸದು ಕೇಳಿ.

ಬೇರೆ ಕಂಪೆನಿಯ ಚೇಂಬರ್ ಬೇಡವೇ ಬೇಡ ಎನ್ನಲಾರೆ. ಅಸಲಿ ಸಿಗದ ಕಾರುಗಳಿಗೆ ಅದೇ ಗತಿ. ಕೊಳ್ಳುವಾಗ ವಾಪಸಾತಿಯ ಷರತ್ತು ಬರಹದಲ್ಲಿ ತೆಗೆದುಕೊಳ್ಳಿ, ಮೊದಲು ಗಾಜಿನ ಮೇಲೆ ಬೋರಲು ಹಾಕಿಸಿ ಅಂಚು ನೋಡಿ, ಪೇಸ್ಟ್ ಇಲ್ಲದೆ ಎಲ್ಲ ಬೋಲ್ಟು ಕೂರಿಸಿ ಪರೀಕ್ಷಿಸಿ. ಸಿಲಿಕೋನ್ ಹಚ್ಚಿದ ಚೇಂಬರನ್ನು ಯಾವ ಅಂಗಡಿಯವರೂ ವಾಪಸ್ ತೆಗೆದುಕೊಳ್ಳುವುದಿಲ್ಲ.