ಹದಿನೈದು ಗೆಲುವು, ಒಂದೇ ದಿನದ ಮೂರು ಸೋಲು: ಚುನಾವಣೆ ವರದಿಗಾರಿಕೆ ಕಲಿಸಿದ ಏಳು ಪಾಠಗಳು

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಒಂದಕ್ಕೊಂದು ತಾಗಿಕೊಂಡ ವಿಧಾನಸಭಾ ಕ್ಷೇತ್ರಗಳು. ಬಿ. ರಮಾನಾಥ ರೈ ಬಂಟ್ವಾಳದಿಂದ ಆರು ಬಾರಿ, ಕೆ. ವಸಂತ ಬಂಗೇರ ಬೆಳ್ತಂಗಡಿಯಿಂದ ಐದು ಬಾರಿ, ಕೆ. ಅಭಯಚಂದ್ರ ಜೈನ್ ಮೂಡುಬಿದಿರೆಯಿಂದ ನಾಲ್ಕು ಬಾರಿ ಗೆದ್ದವರು. 2018ರ ಮೇ 15ರ ಮತ ಎಣಿಕೆಯಲ್ಲಿ, ಕಾಂಗ್ರೆಸ್‌ನಿಂದ ನಿಂತಿದ್ದ ಈ ಮೂವರೂ ಸೋತರು. ಈ ಊರುಗಳ ಚುನಾವಣೆ ವರದಿ ಮಾಡುತ್ತಲೇ ವಯಸ್ಸಾದ ನಾನು ಅಲ್ಲಿ ಕಲಿತದ್ದನ್ನು, ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗಾಗಿ ಬರೆದಿಡುತ್ತಿದ್ದೇನೆ.

1. ಎಷ್ಟು ಸಲ ಗೆದ್ದರು ಎಂಬುದರ ಪಕ್ಕದಲ್ಲೇ ಎಷ್ಟರಿಂದ ಗೆದ್ದರು ಎಂದು ಬರೆಯಿರಿ.

ರಮಾನಾಥ ರೈ 1985, 1989, 1994, 1999ರಲ್ಲಿ ಸತತ ನಾಲ್ಕು ಸಲ ಗೆದ್ದರು. ಬಂಟ್ವಾಳವೆಂದರೆ ಅವರದೇ ಎಂಬ ಮಾತು ಆಗಲೇ ಬೇರೂರಿತು. ಆದರೆ 2004ರಲ್ಲಿ ಬಿಜೆಪಿಯ ಬಿ. ನಾಗರಾಜ ಶೆಟ್ಟಿ ಅವರನ್ನು ಸೋಲಿಸಿದರು. 2008ರಲ್ಲಿ ರೈ ಮರಳಿ ಬಂದದ್ದು ಬರೀ 1,251 ಮತಗಳ ಅಂತರದಲ್ಲಿ. ಐದನೇ ಗೆಲುವು ಎಂದಷ್ಟೇ ಬರೆದರೆ ಓದುಗನಿಗೆ ಕೋಟೆ ಕಾಣುತ್ತದೆ; ಅಂತರವನ್ನೂ ಬರೆದರೆ ಅದರ ಗೋಡೆ ಎಷ್ಟು ತೆಳು ಎಂಬುದು ಗೊತ್ತಾಗುತ್ತದೆ.

2. ಗೆದ್ದಾಗ ಬಿದ್ದ ಮತ, ಸೋತಾಗ ಬಿದ್ದ ಮತ ಎರಡನ್ನೂ ಪಕ್ಕಪಕ್ಕ ಇಡಿ.

ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಪಾಠ. 2018ರ ಫಲಿತಾಂಶ ಬಂದ ಕೂಡಲೇ ಎಲ್ಲೆಡೆ ಕೇಳಿಬಂದದ್ದು ಒಂದೇ ಮಾತು: ಜನ ಹಿರಿಯರ ಕೈಬಿಟ್ಟರು. ಅಂಕಿ ಬೇರೆಯೇ ಹೇಳುತ್ತದೆ. 2013ರಲ್ಲಿ ಗೆದ್ದಾಗ ರೈಯವರಿಗೆ ಬಿದ್ದದ್ದು 81,665 ಮತ; 2018ರಲ್ಲಿ ಸೋತಾಗ 81,831. ಬಂಗೇರರಿಗೆ ಗೆದ್ದಾಗ 74,530, ಸೋತಾಗ 75,443. ಅಭಯಚಂದ್ರರಿಗೆ ಗೆದ್ದಾಗ 53,180, ಸೋತಾಗ 57,645. ಮೂವರಿಗೂ ಗೆದ್ದ ಸಲಕ್ಕಿಂತ ಸೋತ ಸಲವೇ ಹೆಚ್ಚು ಮತ!

ಹಾಗಾದರೆ ಬದಲಾದದ್ದು ಎದುರು ಕಡೆ. ಬಂಟ್ವಾಳದಲ್ಲಿ ಬಿಜೆಪಿಯ ಯು. ರಾಜೇಶ್ ನಾಯ್ಕ್ ಅವರ ಮತ 63,815ರಿಂದ 97,802ಕ್ಕೆ ಏರಿತು. ಇಬ್ಬರ ಲೆಕ್ಕವನ್ನಷ್ಟೇ ಕೂಡಿದರೆ ಹೊಸದಾಗಿ ಸೇರಿದ ಮತ 34,153. ಅದರಲ್ಲಿ ರೈಯವರ ಪಾಲು 166. ಹಳೆಯ ಬೆಂಬಲಿಗರು ಬಿಟ್ಟುಹೋದದ್ದಕ್ಕಿಂತ, ಹೊಸ ಮತದಾರರು ಮತ್ತು ಹಿಂದೆ ಬೇರೆಡೆ ಇದ್ದವರು ಎದುರು ಕಡೆ ಒಟ್ಟಾದದ್ದೇ ಸೋಲಿಗೆ ದಾರಿಯಾಯಿತು. ದೀರ್ಘಕಾಲದ ಶಾಸಕನಿಗೆ ಇದು ಕಾಣುವುದು ಕಷ್ಟ. ಮನೆಯಂಗಳಕ್ಕೆ ಬರುವವರು ಹಳೆಯ ಬೆಂಬಲಿಗರೇ, ದೇವಸ್ಥಾನದ ಬ್ರಹ್ಮಕಲಶದಲ್ಲಿ ಕೈಮುಗಿಯುವವರೂ ಅವರೇ. ಅಂಗಳಕ್ಕೆ ಬಾರದವರ ಸಂಖ್ಯೆ ಬೆಳೆದದ್ದು ಎಣಿಕೆಯ ದಿನವೇ ತಿಳಿಯುತ್ತದೆ.

3. ಮೂರನೆಯ ಅಭ್ಯರ್ಥಿಯನ್ನು ಅಲಕ್ಷಿಸಬೇಡಿ.

ಮೂಡುಬಿದಿರೆಯನ್ನು 1983, 1985, 1994ರಲ್ಲಿ ಜನತಾ ಪರಿವಾರದ ಕೆ. ಅಮರನಾಥ ಶೆಟ್ಟಿ ಗೆದ್ದಿದ್ದರು. 1999ರಿಂದ ಅಭಯಚಂದ್ರರ ಕಾಲ. 2013ರಲ್ಲಿ ಅವರು ಬಿಜೆಪಿಯ ಉಮಾನಾಥ ಕೋಟ್ಯಾನ್ ವಿರುದ್ಧ ಗೆದ್ದ ಅಂತರ 4,550. ಅದೇ ಕಣದಲ್ಲಿ ಜೆಡಿಎಸ್‌ನಿಂದ ನಿಂತಿದ್ದ ಅಮರನಾಥ ಶೆಟ್ಟರು ಪಡೆದದ್ದು ಸುಮಾರು 20 ಸಾವಿರ. 2018ರಲ್ಲಿ ಆ ಮೂರನೇ ಶಕ್ತಿ ಕರಗಿತು. ಕೋಟ್ಯಾನ್ 29,799 ಮತಗಳ ಮುನ್ನಡೆಯಲ್ಲಿ ಗೆದ್ದರು. ಮೂಡುಬಿದಿರೆಯಲ್ಲಿ ಬಿಜೆಪಿಗೆ ಅದೇ ಮೊದಲ ಗೆಲುವು. ತ್ರಿಕೋನ ಸ್ಪರ್ಧೆ ಕೊಟ್ಟ ಗೆಲುವನ್ನು ಕ್ಷೇತ್ರದ ನಿಷ್ಠೆ ಎಂದು ಬರೆದರೆ ಮುಂದಿನ ಚುನಾವಣೆಯಲ್ಲಿ ಲೆಕ್ಕ ತಪ್ಪುತ್ತದೆ.

4. ಮತ ವ್ಯಕ್ತಿಯದೋ ಪಕ್ಷದ್ದೋ ಎಂದು ವಿಚಾರಿಸಿ.

ವಸಂತ ಬಂಗೇರರದು ಅಪರೂಪದ ದಾಖಲೆ. 1983 ಮತ್ತು 1985ರಲ್ಲಿ ಬಿಜೆಪಿ, 1994ರಲ್ಲಿ ಜನತಾ ದಳ, 2008 ಮತ್ತು 2013ರಲ್ಲಿ ಕಾಂಗ್ರೆಸ್. 1985ರಲ್ಲಿ ಇಡೀ ರಾಜ್ಯದಲ್ಲಿ ಬಿಜೆಪಿಗೆ ದಕ್ಕಿದ್ದು ಎರಡೇ ಸ್ಥಾನ: ಶಿಕಾರಿಪುರದಲ್ಲಿ ಯಡಿಯೂರಪ್ಪ, ಬೆಳ್ತಂಗಡಿಯಲ್ಲಿ ಬಂಗೇರ. ಮೂರು ಚಿಹ್ನೆಗಳಲ್ಲಿ ಗೆದ್ದವನಿಗೆ ಸ್ವಂತ ಮತ ಇದೆ ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ 1999 ಮತ್ತು 2004ರಲ್ಲಿ ಅದೇ ಬೆಳ್ತಂಗಡಿಯಲ್ಲಿ ಬಿಜೆಪಿಯಿಂದ ಗೆದ್ದವರು ಅವರ ತಮ್ಮ ಪ್ರಭಾಕರ ಬಂಗೇರ; ಅಂದರೆ ಪಕ್ಷದ ಮತವೂ ಅಲ್ಲಿತ್ತು.

ಪಕ್ಕದ ಸುಳ್ಯವನ್ನೂ ನೋಡಿ. ಬಿಜೆಪಿಯ ಎಸ್. ಅಂಗಾರ 1994ರಿಂದ 2018ರ ತನಕ ಸತತ ಆರು ಸಲ ಗೆದ್ದರು. 2023ರಲ್ಲಿ ಪಕ್ಷ ಅವರ ಬದಲು ಭಾಗೀರಥಿ ಮುರುಳ್ಯರನ್ನು ನಿಲ್ಲಿಸಿತು, ಅವರೂ ಗೆದ್ದರು. ಹೊರಗಿನಿಂದ ನೋಡಿದರೆ ಬೆಳ್ತಂಗಡಿ, ಸುಳ್ಯ ಎರಡೂ ಒಬ್ಬ ನಾಯಕನ ಕ್ಷೇತ್ರಗಳೇ. ಒಳಗೆ ಬೆಳ್ತಂಗಡಿಯನ್ನು ಬಹುಪಾಲು ವ್ಯಕ್ತಿ ಹಿಡಿದಿದ್ದರು, ಸುಳ್ಯವನ್ನು ಪಕ್ಷ ಹಿಡಿದಿದೆ.

5. ಕ್ಷೇತ್ರದ ಗಡಿ ನೋಡದೆ ಹಳೆಯ ಮತ ಹೋಲಿಸಬೇಡಿ.

2008ರ ಚುನಾವಣೆಗೆ ಮುಂಚೆ ಪುನರ್ವಿಂಗಡಣೆಯಲ್ಲಿ ವಿಟ್ಲ ಕ್ಷೇತ್ರವೇ ಇಲ್ಲವಾಯಿತು. ಇಂದು ವಿಟ್ಲ ಪೇಟೆ ಇರುವುದು ಬಂಟ್ವಾಳ ತಾಲ್ಲೂಕಿನಲ್ಲಿ, ಮತ ಹಾಕುವುದು ಪುತ್ತೂರು ಕ್ಷೇತ್ರಕ್ಕೆ. ತಾಲ್ಲೂಕನ್ನೇ ಕ್ಷೇತ್ರವೆಂದು ತಿಳಿದು ಬರೆದ ವಿಶ್ಲೇಷಣೆಗಳು ಇಲ್ಲೇ ಎಡವುತ್ತವೆ. 2004ರ ಮತವನ್ನು 2008ರದಕ್ಕೆ ನೇರ ಹೋಲಿಸಬೇಡಿ. ಮತಗಟ್ಟೆವಾರು ಲೆಕ್ಕ ಅಂತಿಮ ಫಲಿತಾಂಶ ಪಟ್ಟಿಯಾದ ನಮೂನೆ 20ರಲ್ಲಿ ಸಿಗುತ್ತದೆ. ಅದನ್ನು ಎದುರಿಗಿಟ್ಟುಕೊಂಡು ಗ್ರಾಮ ಗ್ರಾಮವಾಗಿ ಓದಿ. ಬಿ.ಸಿ. ರೋಡಿನ ಹೋಟೆಲಿನಲ್ಲಿ ಕೂತು ಕೇಳಿದ ಹತ್ತು ಅಭಿಪ್ರಾಯಗಳಿಗಿಂತ ಅದು ಹೆಚ್ಚು ಕಲಿಸುತ್ತದೆ.

6. ಗಾಳಿ ಬೀಸಿದಾಗ ಸೋತವನನ್ನು ಮರೆಯಬೇಡಿ.

2013ರಲ್ಲಿ ದಕ್ಷಿಣ ಕನ್ನಡದ ಎಂಟು ಕ್ಷೇತ್ರಗಳಲ್ಲಿ ಏಳು ಕಾಂಗ್ರೆಸ್‌ಗೆ. 2018ರಲ್ಲಿ ಎಂಟರಲ್ಲಿ ಏಳು ಬಿಜೆಪಿಗೆ. ಇಷ್ಟು ದೊಡ್ಡ ಪಲ್ಲಟದಲ್ಲಿ ಒಬ್ಬ ಶಾಸಕನ ಕೆಲಸ, ಗುಣ, ಸಂಪರ್ಕ ಎಲ್ಲವೂ ಹಿಂದೆ ಸರಿಯುತ್ತವೆ. 2017ರಲ್ಲಿ ಬಂಟ್ವಾಳದ ಕಲ್ಲಡ್ಕ ಮತ್ತು ಬಿ.ಸಿ. ರೋಡ್ ಸುತ್ತ ಗಲಭೆ ನಡೆದು ನಿಷೇಧಾಜ್ಞೆ ಜಾರಿಯಾದಾಗ ರೈಯವರೇ ಜಿಲ್ಲಾ ಉಸ್ತುವಾರಿ ಸಚಿವರು. ಮರುವರ್ಷದ ಮತಪೆಟ್ಟಿಗೆಗೆ ಆ ಬಿಸಿ ತಟ್ಟಿತೆಂದೇ ನಾನು ತಿಳಿದಿದ್ದೇನೆ.

ಆದರೆ ಗಾಳಿಯ ಫಲ ಉಂಡವರು ಯಾರು? ರಾಜೇಶ್ ನಾಯ್ಕ್, ಕೋಟ್ಯಾನ್ ಇಬ್ಬರೂ 2013ರಲ್ಲಿ ಸೋತವರು. ಸೋತ ಮೇಲೂ ಕ್ಷೇತ್ರ ಬಿಡದೆ ಉಳಿದ ಎದುರಾಳಿಯ ಬಗ್ಗೆ ಬರೆಯುವುದು ನಮ್ಮ ಕೆಲಸ. ಗೆದ್ದವರ ಮೆರವಣಿಗೆಯ ಹಿಂದೆ ಹೋಗಿ ಅದನ್ನು ಬಿಟ್ಟರೆ ಮುಂದಿನ ಐದು ವರ್ಷ ನಾವು ಕುರುಡರು.

7. ಫಲಿತಾಂಶ ಮೊದಲೇ ಗೊತ್ತೆಂದು ಎಂದೂ ಬರೆಯಬೇಡಿ.

ಶಿಕಾರಿಪುರದಲ್ಲಿ 1999ರಲ್ಲಿ ಯಡಿಯೂರಪ್ಪ ಸೋತರು. ಸತತ ಒಂಬತ್ತು ವಿಧಾನಸಭೆ ಚುನಾವಣೆ ಗೆದ್ದ ಮಲ್ಲಿಕಾರ್ಜುನ ಖರ್ಗೆ 2019ರಲ್ಲಿ ಕಲಬುರಗಿ ಲೋಕಸಭೆಯಲ್ಲಿ ಸೋತರು. ಫಲಿತಾಂಶ ಗೊತ್ತಿದೆ ಎಂದು ಎಲ್ಲರೂ ನಂಬಿದ ಕ್ಷೇತ್ರದಲ್ಲಿ ಮೊದಲು ನಷ್ಟವಾಗುವುದು ಮತದಾರನಿಗೆ. ಆಳುವವನು ಕೇಳುವುದಿಲ್ಲ, ಎದುರು ಪಕ್ಷ ಬರುವುದಿಲ್ಲ, ಪತ್ರಿಕೆಯೂ ಪ್ರಶ್ನಿಸುವುದಿಲ್ಲ.

ಈಗ ಗೆದ್ದವರಿಗೂ ಇದೇ ಅಳತೆ. 2018ರಿಂದ 2023ಕ್ಕೆ ಬಿಜೆಪಿಯ ಅಂತರ ಬಂಟ್ವಾಳದಲ್ಲಿ 15,971ರಿಂದ 8,282ಕ್ಕೆ, ಬೆಳ್ತಂಗಡಿಯಲ್ಲಿ 22,974ರಿಂದ 18,216ಕ್ಕೆ, ಮೂಡುಬಿದಿರೆಯಲ್ಲಿ 29,799ರಿಂದ 22,468ಕ್ಕೆ ಇಳಿದಿದೆ. ಮೂರೂ ಕಡೆ ಕಾಂಗ್ರೆಸ್‌ನ ಮತ ಏರಿದೆ. ರೈಯವರಿಗೆ ತಮ್ಮ ಒಂಬತ್ತನೇ ಸ್ಪರ್ಧೆಯಲ್ಲಿ ಬಿದ್ದ 85,042 ಮತ 2013ರಲ್ಲಿ ಗೆದ್ದಾಗ ಬಿದ್ದ ಮತಕ್ಕಿಂತಲೂ ಹೆಚ್ಚು, ಆದರೂ ಸೋತರು. ಯಾವ ಪಕ್ಷದವರೇ ಇರಲಿ, ಈ ಅಂಕಿಗಳನ್ನು ಶಾಸಕರ ಮುಂದಿಟ್ಟು ಪ್ರಶ್ನೆ ಕೇಳಿ. ಅಂತರ ದೊಡ್ಡದಿದ್ದಾಗ ಇನ್ನೂ ಗಟ್ಟಿಯಾಗಿ ಕೇಳಿ, ಏಕೆಂದರೆ ಆಗ ಬೇರೆ ಯಾರೂ ಕೇಳುತ್ತಿರುವುದಿಲ್ಲ.