ಕೋಡಿನ ಬಣ್ಣ ಧೋತ್ರಕ್ಕೆ ಹತ್ತಿದರೆ

ಕಾರ ಹುಣ್ಣಿಮೆಯ ದಿನ ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಯಾವ ಹಳ್ಳಿಗೆ ಹೋದರೂ ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುತ್ತಿರುತ್ತಾರೆ. ಮೊದಲು ಹುರಮಂಜು ಹಚ್ಚುತ್ತಿದ್ದರು. ಈಗ ಹೆಚ್ಚಾಗಿ ಅಂಗಡಿಯ ಆಯಿಲ್ ಪೇಂಟ್. ನಮ್ಮ ಕಡೆ ಅದಕ್ಕೆ ವಾರ್ನಿಸು ಅಂತಲೇ ಹೆಸರು. ಒಂದು ಕೋಡು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಎತ್ತು ತಲೆ ಝಾಡಿಸಿತೆಂದರೆ ಮುಗಿಯಿತು, ಹಬ್ಬದ ಧೋತ್ರದ ಮೇಲೆ ಕೆಂಪು ಗೆರೆ.

ನಮ್ಮ ಕಾಕಾನಿಗೂ ಹೀಗೇ ಆಗಿತ್ತು. ಸಂಜೆ ಎತ್ತುಗಳನ್ನು ಓಡಿಸಿ ಕರಿ ಹರಿಯುವುದನ್ನು ನೋಡಲು ಹೋಗಬೇಕೆಂದು ಬೆಳಿಗ್ಗೆಯೇ ಮಡಿ ಧೋತ್ರ ಉಟ್ಟಿದ್ದ. “ಕುದಿಯೋ ನೀರಾಗ ಹಾಕ್ರಿ, ಬಿಡತೈತಿ” ಎಂದು ಯಾರೋ ಅಂದರು. ಕಾಕು ಬಿಸಿನೀರು ಸುರಿದು, ಸೋಡಾ ಹಾಕಿ, ಬ್ರಷ್ಷಿನಿಂದ ತಿಕ್ಕಿದಳು. ಬೆರಳಗಲದ ಗೆರೆ ಅಂಗೈ ಅಗಲವಾಯಿತು. ಒಣಗಲಿ ನೋಡೋಣ ಎಂದು ಬಿಸಿಲಿಗೆ ಹಾಕಿದರು. ಆ ಧೋತ್ರ ಮತ್ತೆ ಹಬ್ಬಕ್ಕೆ ಬರಲಿಲ್ಲ. ಬಿಸಿನೀರು, ತಿಕ್ಕುವುದು, ಬಿಸಿಲು: ಮಾಡಬಾರದ ಮೂರನ್ನೂ ಒಂದೇ ದಿನ ಮಾಡಿದ್ದೆವು.

ಬಣ್ಣ ಹತ್ತಿದೊಡನೆ ಕೇಳಬೇಕಾದ ಮೊದಲ ಪ್ರಶ್ನೆ, ಅದು ಎಂಥ ಬಣ್ಣ? ಗೊತ್ತಾಗದಿದ್ದರೆ ಕುಂಚವನ್ನು ಯಾವುದರಲ್ಲಿ ತೊಳೆಯುತ್ತೀರಿ ಎಂದು ಪೇಂಟರನನ್ನು ಕೇಳಿ. ನೀರಿನಲ್ಲಿ ಅಂದರೆ ಅದು ಗೋಡೆಗೆ ಬಳಿಯುವ ಎಮಲ್ಷನ್ ಅಥವಾ ಡಿಸ್ಟೆಂಪರ್. ಟರ್ಪೆಂಟೈನ್‌ನಲ್ಲಿ ಅಂದರೆ ಬಾಗಿಲು, ಕಿಟಕಿ, ಗೇಟು, ಚಕ್ಕಡಿ ಮತ್ತು ಎತ್ತಿನ ಕೋಡಿಗೆ ಹಚ್ಚುವ ಎಣ್ಣೆ ಬಣ್ಣ. ಎರಡರ ಮದ್ದೂ ಬೇರೆ ಬೇರೆ.

ಎಣ್ಣೆ ಬಣ್ಣ ಒಣಗುವುದು ನೀರು ಆರಿದಂತೆ ಅಲ್ಲ. ಮೊದಲು ಅದರಲ್ಲಿನ ಟರ್ಪೆಂಟೈನ್ ಹಾರಿಹೋಗುತ್ತದೆ. ಉಳಿದ ಎಣ್ಣೆಯಂಥ ಅಂಟು ಗಾಳಿಯ ಆಮ್ಲಜನಕದ ಜೊತೆ ಕೂಡಿ ಗಟ್ಟಿ ಪೊರೆಯಾಗುತ್ತದೆ. ಒಮ್ಮೆ ಪೊರೆ ಕಟ್ಟಿತೆಂದರೆ ಮೊದಲಿನ ಟರ್ಪೆಂಟೈನ್‌ಗೂ ಅದು ಕರಗುವುದಿಲ್ಲ. ಕಾವು ಈ ಕೆಲಸವನ್ನು ಬೇಗ ಮುಗಿಸುತ್ತದೆ. ಬಿಸಿನೀರು, ಬಿಸಿಲು, ಇಸ್ತ್ರಿ ಬೇಡ ಎನ್ನುವುದು ಇದೇ ಕಾರಣಕ್ಕೆ. ಹತ್ತಿದ ಒಂದೆರಡು ತಾಸಿನೊಳಗೆ ಕೈ ಹಾಕಿದರೆ ಬಟ್ಟೆ ಉಳಿಯುತ್ತದೆ. ರಾತ್ರಿ ಕಳೆದರೆ ಕಷ್ಟ.

ಕಾಕಾನ ಧೋತ್ರ ಹಾಳಾದ ಕೆಲ ವರ್ಷಗಳ ಮೇಲೆ ನಮ್ಮ ಅವ್ವನ ಇಳಕಲ್ ಸೀರೆಗೆ ಚೌಕಟ್ಟಿನ ಹಸಿರು ಬಣ್ಣ ಹತ್ತಿತು. ಈ ಸಲ ಬಿಸಿನೀರಿನ ಕಡೆ ಯಾರೂ ಹೋಗಲಿಲ್ಲ. ಅವತ್ತು ಮಾಡಿದ್ದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಸೀರೆ ಬಿಚ್ಚಿ ಬೇರೆ ಉಟ್ಟುಕೊಂಡಳು. ಮೈಮೇಲೆ ಇರುವಾಗಲೇ ಒರೆಸಲು ಹೋದರೆ ಬಣ್ಣ ನಿರಿಗೆಗೆಲ್ಲ ಹರಡುತ್ತದೆ. ಚಮಚೆಯ ಅಂಚಿನಿಂದ ಮೇಲೆ ನಿಂತ ದಪ್ಪ ಬಣ್ಣವನ್ನು ಕಲೆಯ ಹೊರಗಿನಿಂದ ನಡುವಿನ ಕಡೆಗೆ ಮೆಲ್ಲಗೆ ಎತ್ತಿದೆವು.

ಆಮೇಲೆ ಟರ್ಪೆಂಟೈನ್. ಅಂಗಡಿಯಲ್ಲಿ ಬರೀ ಥಿನ್ನರ್ ಅಂದರೆ ಎನ್‌ಸಿ ಥಿನ್ನರ್ ಕೊಟ್ಟುಬಿಡಬಹುದು; ಅದು ಬಹಳ ತೀಕ್ಷ್ಣ, ಬಟ್ಟೆಯ ಬಣ್ಣವನ್ನೂ ಎಬ್ಬಿಸಬಹುದು. ಟರ್ಪೆಂಟೈನ್ ಎಂದೇ ಕೇಳಿ. ಚಿಮಣಿ ಎಣ್ಣೆಯಿಂದಲೂ ಹಸಿ ಬಣ್ಣ ಸಡಿಲವಾಗುತ್ತದೆ, ಆದರೆ ಅದರ ಜಿಡ್ಡು ಮತ್ತು ವಾಸನೆ ತೆಗೆಯುವುದೇ ಇನ್ನೊಂದು ಕೆಲಸ. ಪೆಟ್ರೋಲ್ ಮಾತ್ರ ಯಾವ ಕಾರಣಕ್ಕೂ ಬೇಡ.

ಕಲೆಗೆ ಹಚ್ಚುವ ಮುಂಚೆ ಕಣ್ಣಿಗೆ ಬೀಳದ ಜಾಗದಲ್ಲಿ, ಸೀರೆಯಾದರೆ ಒಳ ತುದಿಯಲ್ಲಿ, ಜಂಪರ್ ಆದರೆ ಒಳಹೊಲಿಗೆಯಲ್ಲಿ, ಒಂದು ಹನಿ ಬಿಟ್ಟು ಬಿಳಿ ಅರಿವೆಯಿಂದ ಒತ್ತಿ ನೋಡಿ. ಅರಿವೆಗೆ ಬಟ್ಟೆಯ ಬಣ್ಣ ಇಳಿದರೆ ಅಲ್ಲಿಗೇ ನಿಲ್ಲಿಸಿ. ಇಳಕಲ್ ಸೀರೆಯಲ್ಲಿ ಈ ಪರೀಕ್ಷೆಯನ್ನು ಎರಡು ಸಲ ಮಾಡಬೇಕು, ಯಾಕೆಂದರೆ ಅದರಲ್ಲಿ ಎರಡು ಬಗೆಯ ನೂಲಿರುತ್ತದೆ. ಸಾಂಪ್ರದಾಯಿಕ ಇಳಕಲ್ಲಿನಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ. ಈಗ ಕೃತಕ ರೇಷ್ಮೆಯೂ ಬರುತ್ತದೆ. ಒಡಲಿನ ಹಾಸೆಳೆಗಳನ್ನು ಸೆರಗಿನ ಹಾಸೆಳೆಗಳಿಗೆ ಕುಣಿಕೆ ಹಾಕಿ ಸೇರಿಸಿರುತ್ತಾರೆ. ಅದೇ ಕೊಂಡಿ. ಕಲೆ ಕೊಂಡಿಯ ಹತ್ತಿರವಿದ್ದರೆ ಉಗುರು ಕೂಡ ತಾಗಿಸಬೇಡಿ, ಎಳೆ ಜಗ್ಗಿದರೆ ಮೊದಲಿನಂತೆ ಕೂರಿಸುವುದು ನೇಕಾರರಿಗೂ ಸುಲಭವಲ್ಲ.

ಇನ್ನು ಮುಖ್ಯ ಕೆಲಸ. ಹಳೆಯ ಬಿಳಿ ಬನಿಯನ್ನನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಕಲೆಯ ಮುಖ ಕೆಳಗಾಗುವಂತೆ ಸೀರೆ ಇಡಿ. ಹತ್ತಿಯ ಉಂಡೆಯನ್ನು ಟರ್ಪೆಂಟೈನ್‌ನಲ್ಲಿ ಅದ್ದಿ ಕಲೆಯ ಬೆನ್ನಿನಿಂದ ಒತ್ತಿ. ತಿಕ್ಕಬೇಡಿ, ಒತ್ತಿ ಎತ್ತಿ. ಅವ್ವ ಹಾಗೆ ಒತ್ತಿದಾಗ ಬನಿಯನ್ ಮೇಲೆ ಮೊದಲು ಗಾಢ ಹಸಿರು ಮುದ್ರೆ ಬಿತ್ತು. ಬನಿಯನ್ ಸರಿಸಿ ಶುದ್ಧ ಜಾಗ ತಂದು ಮತ್ತೆ ಒತ್ತಿದಳು. ಎರಡನೆಯದು ಎಳೆ ಹಸಿರು, ನಾಲ್ಕನೆಯದು ಗಿಳಿ ಬಣ್ಣ, ಏಳನೆಯ ಸಲಕ್ಕೆ ಬರೀ ಒದ್ದೆ. ಬಣ್ಣ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಮುಂದಿನಿಂದ ಒತ್ತಿದರೆ ಎಳೆಯೊಳಗೆ ಇನ್ನಷ್ಟು ಇಳಿಯುತ್ತದೆ. ಅರಿವೆ ಸರಿಸುವುದನ್ನು ಮರೆತರೆ ತೆಗೆದದ್ದೇ ಮತ್ತೆ ಹತ್ತುತ್ತದೆ.

ಅದಾದ ಮೇಲೆ ಪಾತ್ರೆ ತೊಳೆಯುವ ದ್ರವವನ್ನು ನಾಲ್ಕು ಹನಿ ಬಿಟ್ಟು ಬೆರಳಿನಿಂದ ಸವರಿ, ತಣ್ಣೀರಿನಲ್ಲಿ ಜಾಲಿಸಿ. ರೇಷ್ಮೆಯಾದರೆ ಅಂಟುವಾಳದ ನೊರೆ ಒಳ್ಳೆಯದು. ನೆರಳಿನಲ್ಲಿ ಗಾಳಿಗೆ ಹರವಿ. ಟರ್ಪೆಂಟೈನ್ ವಾಸನೆ ಪೂರ್ತಿ ಹೋಗುವ ತನಕ ಇಸ್ತ್ರಿಯೂ ಬೇಡ, ವಾಷಿಂಗ್ ಮಷಿನ್ನೂ ಬೇಡ. ಒಣಗಿದ ಮೇಲೆ ನೆರಳಿನಂಥ ಗುರುತು ಉಳಿದಿದ್ದರೆ ಇಡೀ ಕ್ರಮವನ್ನು ಇನ್ನೊಮ್ಮೆ ಮಾಡಿ.

ಇದನ್ನೆಲ್ಲ ಒಲೆ ಹೊತ್ತಿಸಿದ ಅಡುಗೆಮನೆಯಲ್ಲಿ ಮಾಡಬೇಡಿ; ಕಟ್ಟೆಯ ಮೇಲೋ ಅಂಗಳದಲ್ಲೋ ಕೂತು ಮಾಡಿ. ಬೀಡಿ, ಊದಿನಕಡ್ಡಿ ಹತ್ತಿರ ಇರಬಾರದು, ಮಕ್ಕಳೂ ದೂರ. ಎಣ್ಣೆ ಬಣ್ಣ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ರಾಶಿಯೊಳಗೆ ಆ ಕಾವು ಹೊರಹೋಗದೆ ತಾನಾಗಿಯೇ ಬೆಂಕಿ ಹೊತ್ತಬಹುದು. ಬಿಡಿಬಿಡಿಯಾಗಿ ಹೊರಗೆ ಹರವಿ, ಒಣಗಿದ ಮೇಲೆ ಚೆಲ್ಲಿ. ಕೈಗೆ ಮೆತ್ತಿದ ಬಣ್ಣಕ್ಕೆ ಟರ್ಪೆಂಟೈನ್ ಬೇಕಿಲ್ಲ. ಒಂದಿಷ್ಟು ಶೇಂಗಾ ಎಣ್ಣೆ ಸವರಿ ಸಾಬೂನಿನಿಂದ ತೊಳೆದರೆ ಸಾಕು.

ಗೋಡೆಯ ಎಮಲ್ಷನ್ ಹಸಿಯಿದ್ದಾಗ ಬಲು ಸುಲಭ. ಬಟ್ಟೆಯ ಹಿಂಬದಿಯಿಂದ ತಣ್ಣೀರು ಬಿಟ್ಟು ಸಾಬೂನು ಹಚ್ಚಿದರೆ ಹೋಗುತ್ತದೆ. ಒಣಗಿದ್ದರೆ ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ನಿಂದ ಐದು ನಿಮಿಷ ಒದ್ದೆ ಮಾಡಿಡಿ. ಪೊರೆ ಮೆತ್ತಗಾದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಗುರವಾಗಿ ಎಬ್ಬಿಸಬಹುದು.  ದಸರಾ ದೀಪಾವಳಿಯ ದಿನಗಳಲ್ಲಿ ಮನೆಗಳಿಗೆ ಬಣ್ಣ ಬೀಳುವಾಗ ಮಕ್ಕಳ ಶಾಲೆಯ ಅಂಗಿಗೂ ಹತ್ತುತ್ತದೆ. ಶಾಲೆಯ ಅಂಗಿ ಹೆಚ್ಚಾಗಿ ಟೆರಿಕಾಟ್ ಆದ್ದರಿಂದ ಸ್ಪಿರಿಟ್ ತಾಳಿಕೊಳ್ಳುತ್ತದೆ. ಉಗುರು ಬಣ್ಣ ತೆಗೆಯುವ ದ್ರವವನ್ನು ಮಾತ್ರ ಹೊಳೆಯುವ ಒಳಪದರದ ಬಟ್ಟೆಗೆ ಹಚ್ಚಬೇಡಿ. ಅದರಲ್ಲಿ ಅಸಿಟೋನ್ ಇದ್ದು, ಬಟ್ಟೆ ಅಸಿಟೇಟ್ ನೂಲಿನದಾಗಿದ್ದರೆ ಕಲೆಯ ಜೊತೆ ಬಟ್ಟೆಯೇ ಕರಗಿ ತೂತು ಬೀಳುತ್ತದೆ.

ಸುಣ್ಣ ಸಿಡಿದರೆ ಒಣಗಲು ಬಿಟ್ಟು ಝಾಡಿಸಿ, ಒಂದು ಕಪ್ ನೀರಿಗೆ ಒಂದು ಚಮಚೆ ವಿನೆಗರ್ ಬೆರೆಸಿ ಒರೆಸಿ. ಸುಣ್ಣ ಹುಳಿಗೆ ಕರಗುತ್ತದೆ. ಇದು ಹತ್ತಿಗೆ. ರೇಷ್ಮೆಗಾದರೆ ಕಾಯಬೇಡಿ, ಸುಣ್ಣದ ಕ್ಷಾರ ರೇಷ್ಮೆಯ ಎಳೆಯನ್ನೇ ತಿನ್ನುತ್ತದೆ. ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಿರಿ.

ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರ ಬಟ್ಟೆಗೆ ಹತ್ತಿದ ಭಂಡಾರದ, ಅಂದರೆ ಅರಿಶಿನ ಪುಡಿಯ ಬಗ್ಗೆ ಹೇಳದಿದ್ದರೆ ಸವದತ್ತಿಯ ಮಾತು ಪೂರ್ತಿಯಾಗದು. ಹುಣ್ಣಿಮೆ ಜಾತ್ರೆಯಿಂದ ಬಂದ ಬಟ್ಟೆಯನ್ನು ಒಣಗಿರುವಾಗಲೇ ಹೊರಗೆ ಝಾಡಿಸಿ, ಆಮೇಲೆ ನೀರಿಗೆ ಹಾಕಿ. ಸಾಬೂನು ತಾಗಿದೊಡನೆ ಹಳದಿ ಕೆಂಪಾದರೆ ಗಾಬರಿ ಬೇಡ. ಅರಿಶಿನ ಕ್ಷಾರಕ್ಕೆ ಕೆಂಪಾಗುತ್ತದೆ, ನಿಂಬೆರಸದ ನೀರಿಗೆ ಹಾಕಿದರೆ ಮತ್ತೆ ಹಳದಿಯಾಗುತ್ತದೆ. ಅರಿಶಿನ ಮತ್ತು ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಎಣ್ಣೆ ಬಣ್ಣಕ್ಕೆ ಬೇಡವೆಂದ ಬಿಸಿಲೇ ಇಲ್ಲಿ ಮದ್ದು. ಬಿಳಿ ಹತ್ತಿ ಬಟ್ಟೆಯನ್ನು ಒದ್ದೆಯಾಗಿ ಎರಡು ಮೂರು ದಿನ ಬಿಸಿಲಿಗೆ ಹಾಕಿದರೆ ಅರಿಶಿನ ತಾನೇ ಮಾಸುತ್ತದೆ. ಬಣ್ಣದ ಬಟ್ಟೆಗೆ, ರೇಷ್ಮೆಗೆ ಈ ಬಿಸಿಲು ಬೇಡ.

ಅಪ್ಪಟ ರೇಷ್ಮೆಗೆ, ಜರಿ ಅಂಚಿನ ಮದುವೆ ಸೀರೆಗೆ ಎಣ್ಣೆ ಬಣ್ಣ ಹತ್ತಿ ಒಣಗಿದ್ದರೆ ಮನೆಯಲ್ಲಿ ಏನನ್ನೂ ಪ್ರಯತ್ನಿಸದೆ ಡ್ರೈಕ್ಲೀನಿಂಗ್‌ಗೆ ಕೊಡಿ. ಎಂಥ ಬಣ್ಣ, ಹತ್ತಿ ಎಷ್ಟು ದಿನವಾಯಿತು, ಏನೇನು ಹಚ್ಚಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಬ್ಲೀಚಿಂಗ್ ದ್ರವ ರೇಷ್ಮೆಗೂ ಉಣ್ಣೆಗೂ ವಿಷ.

ಅವ್ವನ ಸೀರೆ ಇವತ್ತಿಗೂ ಟ್ರಂಕಿನಲ್ಲಿದೆ, ಹಬ್ಬಕ್ಕೆ ಉಡುತ್ತಾಳೆ. ಈ ಕಾರ ಹುಣ್ಣಿಮೆಗೆ ವಾರ್ನಿಸಿನ ಡಬ್ಬಿ ತರುವಾಗಲೇ ಒಂದು ಸಣ್ಣ ಬಾಟಲಿ ಟರ್ಪೆಂಟೈನ್ ಕೂಡ ತಂದಿಡಿ, ಎರಡು ಹಳೆಯ ಬಿಳಿ ಬನಿಯನ್ ತೆಗೆದಿರಿಸಿ. ಹಬ್ಬದ ದಿನ ಮಧ್ಯಾಹ್ನ ಅಂಗಡಿ ಹುಡುಕಿಕೊಂಡು ಹೋಗುವಷ್ಟರಲ್ಲಿ ಬಣ್ಣ ಒಣಗಿರುತ್ತದೆ.