ಕಾಯಫನ ಲೆಕ್ಕ, ಕರ್ತನ ಲೆಕ್ಕ

ಓದುವ ಭಾಗ: ಯೋಹಾನ 11:47-53, 1 ಅರಸುಗಳು 21:1-19

ಇವತ್ತು ಒಂದೇ ಪ್ರಶ್ನೆ ಇಟ್ಟುಕೊಂಡು ವಾಕ್ಯ ನೋಡೋಣ. ಬಹಳ ಮಂದಿಗೆ ಒಳ್ಳೇದಾಗ್ತದೆ ಅಂದ್ರೆ ಸ್ವಲ್ಪ ಮಂದಿಗೆ ನೋವು ಕೊಡಬಹುದಾ?

ಬಾಗಲಕೋಟೆಯವರಿಗೆ ಇದು ಪುಸ್ತಕದ ಪ್ರಶ್ನೆ ಅಲ್ಲರೀ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಮುಂದೆ ಹಿನ್ನೀರು ಘಟಪ್ರಭೆಯ ದಾರಿ ಹಿಡಿದು ಹಳೇ ಬಾಗಲಕೋಟೆಗೆ ಬಂತು. ಮನೆ, ಅಂಗಡಿ, ಓಣಿ ಬಿಟ್ಟು ಜನ ನವನಗರದ ಸೆಕ್ಟರುಗಳಿಗೆ ಬಂದರು. ನಿಮ್ಮಲ್ಲಿ ಹಲವರು ಹುಟ್ಟಿದ್ದೇ ಸೆಕ್ಟರಿನಲ್ಲಿ. ಆದರೆ ನಿಮ್ಮ ಅಜ್ಜಿ ಇವತ್ತಿಗೂ "ನಮ್ಮ ಓಣಿ" ಅಂತ ಹೇಳುವಾಗ ನವನಗರದ ಮಾತು ಆಡ್ತಿಲ್ಲ.

ಮೊದಲನೆಯದು: ಈ ಲೆಕ್ಕದಲ್ಲಿ ಸತ್ಯವೂ ಇದೆ.

ಇಂಗ್ಲೆಂಡಿನ ಜೆರೆಮಿ ಬೆಂಥಾಮ್ 1789ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಯಾವ ಕೆಲಸದಿಂದ ಒಟ್ಟು ಸುಖ ಹೆಚ್ಚುತ್ತದೋ ಅದೇ ಸರಿ ಎಂಬುದು ಅವನ ವಾದ. ಇದಕ್ಕೆ ಉಪಯುಕ್ತತಾವಾದ ಅಂತಾರೆ. ಈ ಲೆಕ್ಕದಲ್ಲಿ ಅರಸನ ಸುಖಕ್ಕೂ ಕೂಲಿಯವನ ಸುಖಕ್ಕೂ ಒಂದೇ ತೂಕ. ಇದು ಸಣ್ಣ ಮಾತಲ್ಲ. ಎಲ್ಲರೂ ದೇವರ ಸ್ವರೂಪದಲ್ಲಿ ಸೃಷ್ಟಿಯಾದವರು ಎಂದು ನಂಬುವ ನಾವು ಇದಕ್ಕೆ ಬೇಡ ಅನ್ನೋಕಾಗಲ್ಲ. ಅವನ ನಂತರ ಬಂದ ಜಾನ್ ಸ್ಟುವರ್ಟ್ ಮಿಲ್, ಬೇರೆಯವರು ನಮಗೆ ಏನು ಮಾಡಬೇಕೆಂದು ಬಯಸುತ್ತೇವೋ ಅದನ್ನೇ ಅವರಿಗೆ ಮಾಡಬೇಕೆಂಬ ಯೇಸುವಿನ ಬೋಧನೆಯಲ್ಲೇ ಈ ವಾದದ ಪೂರ್ಣ ಆತ್ಮ ಇದೆ ಅಂತ ಬರೆದ.

ಅಣೆಕಟ್ಟಿನಿಂದಲೂ ಒಳ್ಳೇದಾಗಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯಿಂದ ವಿಜಯಪುರ, ಯಾದಗಿರಿ, ರಾಯಚೂರು ಕಡೆಯ ಒಣ ಹೊಲಗಳಿಗೆ ನೀರು ಹೋಗ್ತದೆ. ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ವಿದ್ಯುತ್ ಘಟಕವಿದೆ. ಬರಗಾಲ ಕಂಡ ನಾಡಿನಲ್ಲಿ ನಿಂತು, ನೀರು ಬೇಡ ಅಂತ ನಾನು ಬೋಧಿಸೋದಿಲ್ಲ.

ಎರಡನೆಯದು: ಈ ಲೆಕ್ಕ ಎಲ್ಲಿ ಮುರೀತದೆ?

ನಾಬೋತನನ್ನು ನೋಡಿ. ಅಹಾಬ ಅರಸ ಮೊದಲಿಗೆ ಬಲಾತ್ಕಾರ ಮಾಡಲಿಲ್ಲ. ಇದಕ್ಕಿಂತ ಒಳ್ಳೇ ತೋಟ ಕೊಡ್ತೀನಿ, ಇಲ್ಲದಿದ್ದರೆ ರೊಕ್ಕ ಕೊಡ್ತೀನಿ ಅಂದ. ಪರಿಹಾರ ಚೆನ್ನಾಗೇ ಇತ್ತು. ಆದರೂ ನಾಬೋತ ಒಪ್ಪಲಿಲ್ಲ. ಅದು ಪಿತೃಗಳಿಂದ ಬಂದ ಸ್ವಾಸ್ತ್ಯ, ಮಾರೋ ವಸ್ತು ಅಲ್ಲ. ಅಹಾಬನಿಗೆ ಬೇಕಾಗಿದ್ದು ತನ್ನ ಕಾಯಿಪಲ್ಲೆ ತೋಟ. ಅಣೆಕಟ್ಟು ಹಾಗಲ್ಲ, ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಆದರೆ ಬೆಲೆ ಕಟ್ಟಲಾಗದ ನಷ್ಟವೊಂದಿದೆ ಅಂತ ನಾಬೋತ ಕಲಿಸ್ತಾನೆ. ಜಮೀನಿನ ಪರಿಹಾರ ಉತಾರದಲ್ಲಿ ಹೆಸರಿದ್ದವನಿಗೆ ಬರ್ತದೆ. ಆ ಹೊಲದಾಗ ಕಳೆ ತೆಗೆದ ಕೂಲಿ ಹೆಣ್ಣುಮಗಳ ಹೆಸರು ಯಾವ ಉತಾರದಾಗ ಇರ್ತದೆ?

ಈಗ ಕಾಯಫ. ಸಭೆ ಕೂಡಿದಾಗ ಆ ಮಹಾಯಾಜಕನ ವಾದ ಏನು? ಇಡೀ ಜನಾಂಗ ನಾಶವಾಗುವ ಬದಲು ಒಬ್ಬ ಸಾಯೋದು ಲಾಭ. ಲೆಕ್ಕ ಅಚ್ಚುಕಟ್ಟು. ಆದರೆ ಮುಂದೇನಾಯಿತು? ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿಯೇ ಬಿಟ್ಟರು. ನಾಳೆ ಬರೋ ಫಲ ಮನುಷ್ಯನ ಕೈಯಲ್ಲಿಲ್ಲ. ಇವತ್ತು ಮಾಡೋ ಅನ್ಯಾಯ ಮಾತ್ರ ಅವನದೇ.

ಮಿಲ್‌ನ ಕಡೆಯವರು ಇದಕ್ಕೆ ಉತ್ತರ ಕೊಡ್ತಾರೆ: ನಿರಪರಾಧಿಯನ್ನು ಕೊಂದರೆ ಎಲ್ಲರಲ್ಲೂ ಭಯ ಹುಟ್ತದೆ, ಹಾಗಾಗಿ ಕೊನೆಗೆ ಒಟ್ಟು ಸುಖ ಕಡಿಮೆಯಾಗ್ತದೆ, ನಾವೂ ಅದನ್ನು ಒಪ್ಪೋದಿಲ್ಲ ಅಂತ. ಒಳ್ಳೇ ಉತ್ತರ. ಆದರೆ ಆ ನಿರಪರಾಧಿ ಎಲ್ಲಿಯ ತನಕ ಸುರಕ್ಷಿತ? ಲೆಕ್ಕ ಅವನ ಪರವಾಗಿ ಇರೋ ತನಕ. ದೇವರ ಮುಂದೆ ಹಾಗಿಲ್ಲ. ಒಳ್ಳೇದು ಬರಲಿ ಅಂತ ಕೆಟ್ಟದ್ದು ಮಾಡೋ ಮಾತನ್ನು ಪೌಲನು ರೋಮಾಪುರದವರಿಗೆ 3:8ರಲ್ಲಿ ತಳ್ಳಿಬಿಡ್ತಾನೆ.

ಮೂರನೆಯದು: ಶಿಲುಬೆಯಲ್ಲಿ ಯಾರ ಲೆಕ್ಕ?

ಕೆಲವರು ಕೇಳಬಹುದು: "ಪಾಸ್ಟರ್, ಯೇಸು ಎಲ್ಲರಿಗೋಸ್ಕರ ಸತ್ತನಲ್ಲ, ಅದೂ ಒಬ್ಬನಿಂದ ಬಹಳ ಮಂದಿಗೆ ಲಾಭ ಅಲ್ವಾ?" ಚೆನ್ನಾಗಿ ಕೇಳಿದಿರಿ. ಕಾಯಫ ಕೊಟ್ಟಿದ್ದು ಇನ್ನೊಬ್ಬನ ಪ್ರಾಣ. ಯೇಸು ಕೊಟ್ಟಿದ್ದು ತನ್ನ ಪ್ರಾಣ. ಯಾರೂ ಅದನ್ನು ತನ್ನಿಂದ ಕಿತ್ತುಕೊಳ್ಳೋದಿಲ್ಲ, ತಾನೇ ಕೊಡ್ತೇನೆ ಅಂತ ಯೋಹಾನ 10:18ರಲ್ಲಿ ಆತನು ಹೇಳ್ತಾನೆ. ಹೊರಗಿನಿಂದ ಎರಡೂ ಒಂದೇ ಲೆಕ್ಕ. ಒಳಗೆ ಒಂದು ಕೊಲೆ, ಇನ್ನೊಂದು ಪ್ರೀತಿ. ಸ್ತೋತ್ರ!

ಹಾಗಾದರೆ ನಾವೇನು ಮಾಡಬೇಕು? 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಅಷ್ಟು ನೀರು ನಿಂತರೆ ಇನ್ನೂ ಹಳ್ಳಿ, ಹೊಲ ಮುಳುಗ್ತವೆ. ಈ ಚರ್ಚೆ ಬಂದಾಗ ಮೂರು ಪ್ರಶ್ನೆ ಕೇಳಿರಿ. ಲಾಭ ಯಾರಿಗೆ, ನೋವು ಯಾರಿಗೆ? ನೋವು ತಿನ್ನುವವರನ್ನು ಯಾರಾದರೂ ಕೇಳಿದರಾ? ನಾನು ಕೊಡ್ತಿರೋದು ನನ್ನದನ್ನಾ, ಇನ್ನೊಬ್ಬರದನ್ನಾ? ಆಫೀಸಿನಲ್ಲಿ ಟೀಮ್ ಉಳೀಲಿ ಅಂತ ಒಬ್ಬನ ಮೇಲೆ ತಪ್ಪು ಹೊರಿಸುವಾಗ, ಮನೆಯಲ್ಲಿ ಎಲ್ಲರ ನೆಮ್ಮದಿಗೆ ಅಂತ ಒಬ್ಬ ಅಕ್ಕನ ಓದು ನಿಲ್ಲಿಸುವಾಗ, ಇವೇ ಪ್ರಶ್ನೆ.

ಈ ವಾರ ಒಂದು ಕೆಲಸ ಮಾಡಿ. ಮುಳುಗಡೆಯಲ್ಲಿ ಮನೆ ಕಳಕೊಂಡ ಒಬ್ಬ ಹಿರಿಯರ ಹತ್ತಿರ ಅರ್ಧ ತಾಸು ಕೂತು ಕೇಳಿರಿ. ಬೋಧನೆ ಮಾಡಬೇಡಿ, ಬರೇ ಕೇಳಿರಿ. ನಮ್ಮ ಮನೆಯ ನಲ್ಲಿ, ನಮ್ಮ ದೀಪದ ಹಿಂದೆ ಯಾರು ಬೆಲೆ ಕೊಟ್ಟರು ಅಂತ ತಿಳಿಯೋದೂ ನೆರೆಯವರನ್ನು ಪ್ರೀತಿಸೋದರ ಒಂದು ಭಾಗ.

ಪ್ರಾರ್ಥಿಸೋಣ. ಕರ್ತನೇ, ತೊಂಬತ್ತೊಂಬತ್ತು ಕುರಿ ಇದ್ದರೂ ಕಳೆದುಹೋದ ಒಂದನ್ನು ಹುಡುಕಿ ಹೊರಟವನು ನೀನು. ನಮ್ಮ ಲೆಕ್ಕದಿಂದ ಬಿಟ್ಟುಹೋದವರನ್ನು ಕಾಣುವ ಕಣ್ಣು ನಮಗೆ ಕೊಡು. ಇನ್ನೊಬ್ಬರದನ್ನು ಕೊಟ್ಟು ಒಳ್ಳೆಯವರೆನಿಸಿಕೊಳ್ಳದಂತೆ, ನಮ್ಮದನ್ನೇ ಕೊಡುವಂತೆ ನಿನ್ನ ಪವಿತ್ರಾತ್ಮನ ಬಲ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.